ಮ್ಯಾಂಚೆಸ್ಟರ್‌ಗೆ ಬರುವ ತಮ್ಮನಿಗೆ: ಶನಿವಾರ ಮಧ್ಯಾಹ್ನ ಮೋಸ್ಟನ್‌ಗೆ ಬಾ

ತಮ್ಮ, ನೀನು ಮೂರು ಪ್ರಶ್ನೆ ಕೇಳಿದ್ದೀಯ. ಸೆಪ್ಟೆಂಬರ್‌ಗೆ ಶಿವಮೊಗ್ಗದಿಂದ ಮ್ಯಾಂಚೆಸ್ಟರ್‌ಗೆ ಓದೋಕೆ ಬರುತ್ತಿದ್ದೇನೆ ಅಕ್ಕ, ಓಲ್ಡ್ ಟ್ರಾಫರ್ಡ್‌ನಲ್ಲಿ ಫುಟ್‌ಬಾಲ್ ಮ್ಯಾಚ್ ನೋಡಲು ಟಿಕೆಟ್ ಸಿಗುತ್ತಾ, ವಿಶ್ವಕಪ್ಪು ಯೂರೋ ಕಪ್ಪು ನಡೆಯುವಾಗ ನಮ್ಮಂಥವರು ರಾತ್ರಿ ಹೊರಗೆ ಓಡಾಡಬಹುದಾ, ಅಲ್ಲಿನವರ ಜೊತೆ ಸ್ನೇಹ ಬೆಳೆಯುತ್ತಾ ಅಂತ. ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾಗಿ ಬಂದವಳು ಇಲ್ಲೇ ನೆಲೆಸಿದ್ದೇನೆ, ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲೇ. ನೀನು ಕೊನೆಯಲ್ಲಿ ಕೇಳಿದ್ದೇ ದೊಡ್ಡ ಪ್ರಶ್ನೆ ಅಂತ ನನಗನಿಸುತ್ತದೆ.

ಟಿಕೆಟ್ ವಿಷಯ ಮೊದಲು ಮುಗಿಸೋಣ. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಮೈದಾನವಾದ ಓಲ್ಡ್ ಟ್ರಾಫರ್ಡ್‌ನಲ್ಲಿ ಸುಮಾರು 74,000 ಸೀಟು ಇದೆ, ಆದರೂ ಸುಲಭಕ್ಕೆ ಸಿಗುವುದಿಲ್ಲ. ಮೊದಲು ದುಡ್ಡು ಕೊಟ್ಟು ಕ್ಲಬ್ಬಿನ ಮೆಂಬರ್ ಆಗಬೇಕು, ಆಮೇಲೆ ಟಿಕೆಟ್‌ಗೆ ಪ್ರಯತ್ನ ಪಡಬೇಕು. ಸ್ಟೇಡಿಯಂ ಹೊರಗೆ ನಿಂತು ಮಾರುವವರ ಹತ್ತಿರ, ವಾಟ್ಸಾಪ್‌ನಲ್ಲಿ ಪರಿಚಯವಾದವರ ಹತ್ತಿರ ದಯವಿಟ್ಟು ಕೊಳ್ಳಬೇಡ. ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾಯ್ದೆ ಪ್ರಕಾರ ಇಲ್ಲಿ ಅಪರಾಧ. ಗೇಟಿನಲ್ಲಿ ವಾಪಸ್ ಕಳಿಸಿದರೆ ನಿನ್ನ ದುಡ್ಡಿಗೆ ಯಾರೂ ಜವಾಬ್ದಾರರಲ್ಲ.

ಇನ್ನೊಂದು ಸಂಗತಿ ಊರಿನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಶಿವಮೊಗ್ಗದಲ್ಲಿ ನೀನು ಮೊಬೈಲ್‌ನಲ್ಲಿ ನೋಡುವ ಶನಿವಾರದ ಮೂರು ಗಂಟೆಯ ಮ್ಯಾಚು ಇಲ್ಲಿ ಟಿವಿಯಲ್ಲಿ ಬರುವುದೇ ಇಲ್ಲ. ಮಧ್ಯಾಹ್ನ 2.45ರಿಂದ 5.15ರವರೆಗೆ ನೇರಪ್ರಸಾರಕ್ಕೆ ತಡೆ ಇದೆ. ದೊಡ್ಡ ಕ್ಲಬ್ಬಿನ ಆಟ ಟಿವಿಯಲ್ಲಿ ಬಂದರೆ ಸಣ್ಣ ಕ್ಲಬ್ಬಿನ ಮೈದಾನಕ್ಕೆ ಯಾರು ಹೋಗುತ್ತಾರೆ ಅಲ್ವಾ, ಅದಕ್ಕೇ ಈ ನಿಯಮ. ಹಾಗಾಗಿ ಶನಿವಾರ ಮಧ್ಯಾಹ್ನ ರೂಮಿನಲ್ಲಿ ಕೂತು ನೋಡಲು ನಿನಗೆ ಏನೂ ಇರುವುದಿಲ್ಲ. ಆ ಹೊತ್ತು ಎಲ್ಲಿಗೆ ಹೋಗಬೇಕು ಅಂತ ಮುಂದೆ ಹೇಳುತ್ತೇನೆ.

ವಿಶ್ವಕಪ್, ಯೂರೋ ಬಂದಾಗ ಇಲ್ಲಿ ಊರಿಗೆ ಊರೇ ಹಬ್ಬ. ಪಬ್ಬು, ಚೌಕ, ದೊಡ್ಡ ಪರದೆ, ಗೊತ್ತಿಲ್ಲದವರು ತಬ್ಬಿಕೊಳ್ಳುವುದು, ಎಲ್ಲ ನಿಜ. 2022ರ ಮಹಿಳಾ ಯೂರೋ ಶುರುವಾಗಿದ್ದು ನಮ್ಮ ಓಲ್ಡ್ ಟ್ರಾಫರ್ಡ್‌ನಲ್ಲೇ. ಜುಲೈ 6ರಂದು 68,871 ಜನರ ಮುಂದೆ ಇಂಗ್ಲೆಂಡ್ ಆಸ್ಟ್ರಿಯಾವನ್ನು 1-0ರಿಂದ ಸೋಲಿಸಿತು, ಆ ಕಪ್ಪನ್ನೂ ಗೆದ್ದಿತು. ನನ್ನ ಮಗಳ ಜೊತೆ ಹೋಗಿದ್ದೆ. ಮಕ್ಕಳು ಮರಿ ಕಟ್ಟಿಕೊಂಡು ಬಂದವರೇ ಜಾಸ್ತಿ, ಅಷ್ಟು ನೆಮ್ಮದಿಯ ಗುಂಪು. ಅಂಥ ಪಂದ್ಯ ಸಿಕ್ಕರೆ ಕಣ್ಣು ಮುಚ್ಚಿ ಹೋಗು.

ಆದರೆ ಪುರುಷರ ತಂಡ ಸೋತ ರಾತ್ರಿ ಹಾಗಿರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಯೂರೋ 2020 ಕೊರೊನಾದಿಂದಾಗಿ ಒಂದು ವರ್ಷ ಮುಂದೆ ಹೋಗಿತ್ತಲ್ಲ, ಅದರ ಫೈನಲ್‌ನಲ್ಲಿ ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಇಟಲಿಗೆ ಸೋತಿತು. ಪೆನಾಲ್ಟಿಯಲ್ಲಿ ಗೋಲು ಹೊಡೆಯಲಾಗದ ಮೂವರೂ ಕಪ್ಪು ಹುಡುಗರು, ರ್‍ಯಾಶ್‌ಫರ್ಡ್, ಸ್ಯಾಂಚೊ, ಸಾಕಾ. ಆ ರಾತ್ರಿ ಅವರ ಬಣ್ಣ ಹಿಡಿದು ಬೈದ ಬೈಗುಳ ಓದಿ ನಾವೆಲ್ಲ ನಿದ್ದೆ ಮಾಡಲಿಲ್ಲ. ವಿದಿಂಗ್ಟನ್‌ನಲ್ಲಿ ಗೋಡೆ ಮೇಲೆ ಬರೆದಿದ್ದ ರ್‍ಯಾಶ್‌ಫರ್ಡ್ ಚಿತ್ರವನ್ನೂ ಯಾರೋ ಗೀಚಿ ಕೆಡಿಸಿದ್ದರು. ಮರುದಿನದಿಂದ ಏನಾಯಿತು ಅಂತಲೂ ಕೇಳು. ಜನ ಸಾಲುಗಟ್ಟಿ ಬಂದು ಆ ಗೋಡೆಗೆ ಚೀಟಿ ಅಂಟಿಸಿದರು, ಮಕ್ಕಳು ಹೃದಯದ ಚಿತ್ರ ಬರೆದು ತಂದು ಹಚ್ಚಿದರು, ಕೆಟ್ಟ ಜಾಗ ಕಾಣದ ಹಾಗೆ ಮುಚ್ಚಿಹೋಯಿತು. ಎರಡೂ ಇದೇ ಊರು. ಇಂಗ್ಲೆಂಡ್ ಸೋತ ರಾತ್ರಿ ಪಬ್ಬಿನ ಬೀದಿ ಬಿಟ್ಟು ನಡೆ, ಕೊನೆಯ ಟ್ರಾಮ್‌ವರೆಗೆ ಕಾಯಬೇಡ, ಜೊತೆಗೆ ಯಾರಾದರೂ ಇರಲಿ. ಉಳಿದ ದಿನ ಭಯಪಡುವ ಕಾರಣವಿಲ್ಲ.

ಈಗ ಸ್ನೇಹದ ಮಾತು. ಟೂರ್ನಿಯಲ್ಲಿ ತಬ್ಬಿಕೊಂಡವರು ಮುಂದಿನ ವಾರ ಬಸ್ಸಿನಲ್ಲಿ ಸಿಕ್ಕರೆ ನಿನ್ನ ಗುರುತು ಹಿಡಿಯುವುದಿಲ್ಲ. ಅವರ ತಪ್ಪಲ್ಲ, ಒಂದು ತಿಂಗಳ ಗುಂಪು ಅದು. ವರ್ಷವಿಡೀ ಅದೇ ಜನ ಸಿಗುವ ಜಾಗ ಬೇಕು ನಿನಗೆ. ನನ್ನ ಮಟ್ಟಿಗೆ ಆ ಜಾಗ ಇದೇ ಊರಿನ ಬಡಾವಣೆ ಮೋಸ್ಟನ್‌ನಲ್ಲಿದೆ, ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅನ್ನುವ ಸಣ್ಣ ಕ್ಲಬ್ಬು.

2005ರಲ್ಲಿ ಅಮೆರಿಕದ ಮಾಲ್ಕಂ ಗ್ಲೇಜರ್ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡಿಗೆ ಕೊಂಡರು. ಅದರಲ್ಲಿ ದೊಡ್ಡ ಪಾಲು ಸಾಲ, ಆ ಸಾಲದ ದೊಡ್ಡ ಹೊರೆ ಬಂದು ಕೂತಿದ್ದು ಕ್ಲಬ್ಬಿನ ತಲೆಯ ಮೇಲೆಯೇ. ಅಲ್ಲಿಯವರೆಗೆ ಸಾಲವೇ ಇಲ್ಲದ ಕ್ಲಬ್ಬು ಅದು. ಅಪ್ಪ ಅಜ್ಜನ ಕಾಲದಿಂದ ಬರುತ್ತಿದ್ದ ಒಂದಷ್ಟು ಜನ ಇನ್ನು ಇವರಿಗೆ ನಮ್ಮ ದುಡ್ಡು ಕೊಡುವುದಿಲ್ಲ ಅಂತ ಎದ್ದು ಹೊರಟರು. ಹೊರಟವರು ಸುಮ್ನೆ ಮನೆಯಲ್ಲಿ ಕೂರಲಿಲ್ಲ, ತಮ್ಮದೇ ಕ್ಲಬ್ಬು ಕಟ್ಟಿದರು, ಅದೇ ಈ ಎಫ್‌ಸಿ ಯುನೈಟೆಡ್. ಇಂಗ್ಲೆಂಡಿನ ಲೀಗ್ ಮೆಟ್ಟಿಲಲ್ಲಿ ಹತ್ತನೇ ಹಂತದಿಂದ ಶುರು. ಅಷ್ಟು ಕೆಳಗಿನ ಆಟಕ್ಕೂ ಮೊದಲ ವರ್ಷವೇ ಸರಾಸರಿ ಸುಮಾರು 3,000 ಜನ ಬಂದರು, ಮೂರು ವರ್ಷ ಸತತ ಬಡ್ತಿ ಸಿಕ್ಕಿತು.

ನೀನು ಮಲೆನಾಡಿನವನು, ಅಡಿಕೆ ಸೊಸೈಟಿ ಗೊತ್ತಿರುತ್ತೆ. ಎಷ್ಟು ದೊಡ್ಡ ತೋಟವಿದ್ದರೂ ಸರ್ವಸದಸ್ಯರ ಸಭೆಯಲ್ಲಿ ಒಬ್ಬರಿಗೆ ಒಂದೇ ಓಟು. ಈ ಕ್ಲಬ್ಬು ನಡೆಯುವುದೂ ಥೇಟ್ ಹಾಗೆಯೇ. ಷೇರು ಎಷ್ಟು ಕೊಂಡರೂ ಒಂದೇ ಓಟು, ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರು. ಪಕ್ಕದ ರೋಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರೂ ಕೆಲಸಗಾರರೂ ಸೇರಿ ತೆರೆದ ಅಂಗಡಿಯಿಂದಲೇ ಈ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಗದಗದ ಕಣಗಿನಹಾಳದಲ್ಲಿ 1905ರಲ್ಲಿ ಸಂಘ ಕಟ್ಟಿದವರದ್ದೂ ಅದೇ ದಾರಿ. ಅದಕ್ಕೇ ಮೋಸ್ಟನ್‌ನ ಸಭೆಯಲ್ಲಿ ಕೂತರೆ ನನಗೆ ಪರದೇಶ ಅನ್ನಿಸುವುದಿಲ್ಲ. ಲೆಕ್ಕಪತ್ರದ ಮೇಲೆ ಎದ್ದು ನಿಂತು ಪ್ರಶ್ನೆ ಕೇಳುವ ಹಿರಿಯರು ಇಲ್ಲೂ ಇದ್ದಾರೆ.

ಆ ರೋಚ್‌ಡೇಲ್ ಊರಿನ ಫುಟ್‌ಬಾಲ್ ತಂಡವನ್ನೇ 2010ರ ನವೆಂಬರ್‌ನಲ್ಲಿ, ದೊಡ್ಡ ಕ್ಲಬ್ಬು ಸಣ್ಣ ಕ್ಲಬ್ಬು ಎಲ್ಲ ಒಟ್ಟಿಗೆ ಆಡುವ ಎಫ್‌ಎ ಕಪ್‌ನಲ್ಲಿ ಇವರು 3-2ರಿಂದ ಸೋಲಿಸಿದರು, ಗೆಲುವಿನ ಗೋಲು ಬಂದದ್ದು ಹೆಚ್ಚುವರಿ ನಿಮಿಷಗಳಲ್ಲಿ. ಇವತ್ತಿಗೂ ಆ ರಾತ್ರಿಯ ಮಾತು ತೆಗೆದರೆ ಯಾರೂ ಬೇಗ ಮನೆಗೆ ಹೋಗುವುದಿಲ್ಲ. ಆಗ ಇವರಿಗೆ ಸ್ವಂತ ಮೈದಾನವೂ ಇರಲಿಲ್ಲ, ಪಕ್ಕದ ಬರಿ ಅನ್ನುವ ಊರಿನ ಗಿಗ್ ಲೇನ್ ಮೈದಾನವನ್ನು ಬಾಡಿಗೆಗೆ ಹಿಡಿದಿದ್ದರು. ಬ್ರಾಡ್‌ಹರ್ಸ್ಟ್ ಪಾರ್ಕ್ ಅನ್ನುವ ಸ್ವಂತ ಮೈದಾನ 2015ರಲ್ಲಿ ಆಯಿತು. ಅದಕ್ಕೆ ಜನರೇ ಷೇರು ಕೊಂಡು ಸುಮಾರು 20 ಲಕ್ಷ ಪೌಂಡ್ ಹಾಕಿದರು. ಮ್ಯಾಂಚೆಸ್ಟರ್ ಯುನೈಟೆಡ್ ಹುಟ್ಟಿದ್ದೇ 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕೆಲಸಗಾರರ ತಂಡವಾಗಿ, ಆ ನ್ಯೂಟನ್ ಹೀತ್ ಮೋಸ್ಟನ್‌ಗೆ ಅಂಟಿಕೊಂಡೇ ಇದೆ. ಎಫ್‌ಸಿ ಯುನೈಟೆಡ್‌ನವರ ಜೆರ್ಸಿ ಎದೆಯ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಸೀಸನ್ ಟಿಕೆಟ್‌ಗೆ ಒಂದು ಕನಿಷ್ಠ ಮೊತ್ತ ಇಟ್ಟು, ಅದರ ಮೇಲೆ ಕೈಲಾದಷ್ಟು ಕೊಡಿ ಅಂತ 2009ರಲ್ಲಿ ನಿಯಮ ಮಾಡಿಕೊಂಡರು. ವಿದ್ಯಾರ್ಥಿಗೆ ಇದು ಸಣ್ಣ ವಿಷಯವಲ್ಲ.

ಎಲ್ಲ ಸುಗಮ ಅಂತ ತಿಳಿಯಬೇಡ. 2016ರ ಹೊತ್ತಿಗೆ ಒಳಜಗಳ ಜೋರಾಗಿ ಆಡಳಿತದಲ್ಲಿದ್ದ ಕೆಲವರು ಬಿಟ್ಟು ಹೋದರು, 2019ರಲ್ಲಿ ತಂಡ ಒಂದು ಹಂತ ಕೆಳಗೂ ಇಳಿಯಿತು. ಕ್ಲಬ್ಬು ಮುಚ್ಚಲಿಲ್ಲ. ನನಗೆ ಗೌರವ ಇರುವುದು ಅದಕ್ಕೆ.

ಇಂಥ ಕ್ಲಬ್ಬು ಇದೊಂದೇ ಅಲ್ಲ. ನೀನು ಲಂಡನ್‌ಗೆ ಹೋಗುವುದಾದರೆ ಎಎಫ್‌ಸಿ ವಿಂಬಲ್ಡನ್ ನೋಡು. ಅವರದು ಇನ್ನೂ ನೋವಿನ ಕಥೆ, ಅವರ ಕ್ಲಬ್ಬನ್ನೇ ಎತ್ತಿ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಒಪ್ಪಿಗೆ ಸಿಕ್ಕಿಬಿಟ್ಟಿತು. ಅಭಿಮಾನಿಗಳು ಅದೇ ಬೇಸಿಗೆಯಲ್ಲಿ ಬಯಲಿನಲ್ಲಿ ಆಟಗಾರರನ್ನು ಆರಿಸಿ ಹೊಸ ತಂಡ ಕಟ್ಟಿದರು, 2011ಕ್ಕೆ ವೃತ್ತಿಪರ ಲೀಗ್ ಮುಟ್ಟಿದರು, 2020ರಲ್ಲಿ ಹಳೆಯ ಬೀದಿ ಪ್ಲೌ ಲೇನ್‌ಗೇ ಮರಳಿದರು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲೂ ಹಾಗೆಯೇ. 2005ರಲ್ಲಿ ರೆಡ್ ಬುಲ್ ಕ್ಲಬ್ಬನ್ನು ಕೊಂಡು ನೇರಳೆ ಬಣ್ಣ ತೆಗೆದಾಗ ಅಭಿಮಾನಿಗಳು ಹಳೆಯ ಹೆಸರು, ಹಳೆಯ ಬಣ್ಣ ಹಿಡಿದು ತಳದಿಂದ ಮತ್ತೆ ಹತ್ತಿದರು.

ಹಾಗಂತ ಮ್ಯಾಂಚೆಸ್ಟರ್ ಯುನೈಟೆಡ್ ಪ್ರೀತಿ ಬಿಡು ಅನ್ನುತ್ತಿಲ್ಲ. ನಮ್ಮ ಮನೆಯಲ್ಲೇ ಮಗ ಓಲ್ಡ್ ಟ್ರಾಫರ್ಡ್, ಮಗಳು ಮೋಸ್ಟನ್. ಆದರೆ ಅಲ್ಲಿ ನೀನು ಗಿರಾಕಿ, ಇಲ್ಲಿ ಕೆಲಸ ಹಂಚಿಕೊಳ್ಳುವವನು. ಟಿಕೆಟ್ ಕೌಂಟರ್, ತಿಂಡಿ ಅಂಗಡಿ, ಮ್ಯಾಚ್ ಮುಗಿದ ಮೇಲೆ ಕಸ ಹೆಕ್ಕುವುದು, ಎಲ್ಲದಕ್ಕೂ ಕೈ ಬೇಕು. ಭಾಷೆ ತಡವರಿಸಿದರೂ ಕೆಲಸ ಮಾಡುತ್ತಾ ಮಾತು ತಾನಾಗಿ ಬರುತ್ತೆ. ಇಂಡಿಯಾದಲ್ಲಿ ಫುಟ್‌ಬಾಲ್ ಆಡುತ್ತಾರಾ ಅಂತ ಖಂಡಿತ ಕೇಳುತ್ತಾರೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾವು ನಾಲ್ಕನೇ ಸ್ಥಾನ ಅಂತ ಹೇಳು, 1962ರ ಏಷ್ಯನ್ ಗೇಮ್ಸ್ ಚಿನ್ನ ಹೇಳು, 2023ರಲ್ಲಿ ನಮ್ಮ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದನ್ನೂ ಹೇಳು.

ಮೋಸ್ಟನ್ ರೈಲು ನಿಲ್ದಾಣದಿಂದ ಮೈದಾನಕ್ಕೆ ನಡೆದೇ ಬರಬಹುದು, ಊರ ನಡುವಿನಿಂದ ಬಸ್ಸೂ ಇದೆ. ಆಗುಂಬೆ ಕಡೆಯ ಮಳೆ ಕಂಡವನಿಗೆ ಇಲ್ಲಿಯ ಮಳೆ ಏನೂ ಅಲ್ಲ, ಗಾಳಿ ಮಾತ್ರ ಕೊರೆಯುತ್ತೆ, ಕಿವಿ ಮುಚ್ಚುವ ಟೋಪಿ ತಗೊಂಡು ಬಾ. ರೂಮು ಎಲ್ಲಿ ಸಿಕ್ಕಿತು ಅಂತ ಬರೆ, ಮೊದಲ ಶನಿವಾರ ನಮ್ಮ ಮನೆಗೆ ಊಟಕ್ಕೆ ಬಂದುಬಿಡು, ಅಲ್ಲಿಂದ ಒಟ್ಟಿಗೆ ಮೈದಾನಕ್ಕೆ ಹೋಗೋಣ.