ಹೋಟೆಲಿಗೆ ಬರಲೊಲ್ಲದ ಮಾವ

(ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ನನ್ನ ಬಳಿ ಬಂದವರು ಸೊಸೆ. ಕಲಬುರಗಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಯಾಗಿ ಎಂಟು ವರ್ಷವಾದರೂ ಮಾವ ತನ್ನನ್ನು ಮನೆಯವಳೆಂದು ಒಪ್ಪಿಲ್ಲ ಎಂಬುದು ಅವರ ದೂರು. ವಿಚಿತ್ರವೆಂದರೆ, ಅದಕ್ಕೆ ಅವರು ಕೊಟ್ಟ ಸಾಕ್ಷ್ಯಗಳೆಲ್ಲ ಹೋಟೆಲಿನಲ್ಲಿ ನಡೆದವು. ಮನೆಯೊಳಗಿನದು ಒಂದೂ ಇರಲಿಲ್ಲ.

ತಿಂಗಳಿಗೊಂದು ಭಾನುವಾರ ಇಡೀ ಮನೆ ಶರಣಬಸವೇಶ್ವರರ ಗುಡಿಗೆ ಹೋಗಿ, ಅಪ್ಪನ ಕೆರೆಯ ದಂಡೆಯಲ್ಲಿ ಮಕ್ಕಳನ್ನು ಆಡಿಸಿ, ರಾತ್ರಿಯ ಊಟವನ್ನು ಹೊರಗೇ ಮುಗಿಸಿ ಬರುವ ರೂಢಿ. ಕೆರೆಯವರೆಗೆ ಮಾವ ಖುಷಿಯಿಂದ ಬರುತ್ತಾರೆ. ಊಟದ ಮಾತು ಎತ್ತಿದ ಕೂಡಲೇ ಹೊಟ್ಟೆ ಸರಿಯಿಲ್ಲ, ಮೊಣಕಾಲು ನೋಯುತ್ತಿದೆ, ನೀವು ಹೋಗಿ ಬನ್ನಿ, ನಾನು ಆಟೋದಲ್ಲಿ ಮನೆಗೆ ಹೋಗುತ್ತೇನೆ. ಬಲವಂತಕ್ಕೆ ಬಂದರೆ ತಟ್ಟೆಯಿಂದ ತಲೆ ಎತ್ತುವುದಿಲ್ಲ. ತನ್ನ ಕಳೆದ ಹುಟ್ಟುಹಬ್ಬಕ್ಕೆ ಸೊಸೆ ಸ್ವಂತ ಸಂಬಳದಲ್ಲಿ ಎ.ಸಿ. ಹೋಟೆಲೊಂದರಲ್ಲಿ ಊಟ ಕೊಡಿಸಿದ್ದರು. ತವರಿನವರೂ ಇಬ್ಬರು ಸಹೋದ್ಯೋಗಿಗಳೂ ಇದ್ದರು. ಸೊಸೆಯ ತಂದೆ ‘ಬೀಗರೇ, ಮೊಣಕಾಲು ಈಗ ಹೇಗಿದೆ?’ ಎಂದು ಕೇಳಿದ್ದಕ್ಕೆ ಮಾವ ‘ಬೇಡ, ನನಗೆ ಸಾಕು’ ಎಂದರು. ಎಲ್ಲರೂ ನಕ್ಕರು. ಮಾವ ಅರ್ಧ ರೊಟ್ಟಿ ಬಿಟ್ಟು ಎದ್ದು, ಹೊರಗೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

‘ಸೊಸೆಯ ದುಡ್ಡಿನ ಅನ್ನ ಅವರಿಗೆ ಬೇಡವಾಯಿತು’ ಎಂಬುದು ಸೊಸೆಯ ತೀರ್ಮಾನ. ಮಗನ ಲೆಕ್ಕದಲ್ಲಿ ಅಪ್ಪ ಜಿಪುಣ. ಬಿಲ್ಲಿನ ಮೊತ್ತ ನೆನೆಸಿಕೊಂಡೇ ಅವರ ಹಸಿವು ಹೋಗುತ್ತದೆ. ಅತ್ತೆ ಮಾತ್ರ ‘ಅವರ ಸ್ವಭಾವವೇ ಹಾಗೆ’ ಎಂದು ಮುಗಿಸುತ್ತಾರೆ. ಎಲ್ಲರನ್ನೂ ಹೆಚ್ಚು ಕೆಣಕುತ್ತಿದ್ದುದು ಇನ್ನೊಂದು ಸಂಗತಿ. ಇದೇ ಮನುಷ್ಯ ದಿನವೂ ಬೆಳಿಗ್ಗೆ ಹಳೆಯ ಗೆಳೆಯರ ಜೊತೆ ರಸ್ತೆ ಬದಿಯ ಸಣ್ಣ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ಭಜಿ ತಿನ್ನುತ್ತ ಗಂಟೆಗಟ್ಟಲೆ ಹರಟೆ ಹೊಡೆಯುತ್ತಾರೆ. ಜಗಳಕ್ಕೆ ಇಷ್ಟು ಸಾಲದೇ?

ಇಂಥ ದೂರು ಬಂದಾಗ ‘ಅವರು ಯಾಕೆ ಹೀಗೆ’ ಎಂದು ಕೇಳಿದರೆ ಕಥೆಗಳು ಸಿಗುತ್ತವೆ, ಮಾಹಿತಿ ಸಿಗುವುದಿಲ್ಲ. ನಾನು ಕೇಳಿದ್ದು ಬೇರೆ: ಯಾವ ಹೋಟೆಲು, ಎಷ್ಟು ಹೊತ್ತಿಗೆ, ಯಾರು ಎಲ್ಲಿ ಕುಳಿತಿದ್ದರು, ಟಿ.ವಿ. ಹಾಕಿತ್ತೇ, ಕೂಲರ್ ಎಲ್ಲಿತ್ತು? ಸೊಸೆಗೆ ಇದು ಪೊಲೀಸ್ ತನಿಖೆಯಂತೆ ಕಂಡಿತು. ಆದರೂ ನೆನಪಿಸಿಕೊಂಡು ಹೇಳಿದರು. ರಾತ್ರಿ ಎಂಟೂವರೆ, ಹಾಲ್ ತುಂಬಿತ್ತು, ಉದ್ದನೆಯ ಮೇಜು, ಮಾವ ಅಡುಗೆಮನೆಯ ಬಾಗಿಲ ಕಡೆಯ ತುದಿಯಲ್ಲಿ, ಅತ್ತೆ ಮೊಮ್ಮಕ್ಕಳೊಂದಿಗೆ ಇನ್ನೊಂದು ತುದಿಯಲ್ಲಿ. ಮನೆಯಲ್ಲಿ ಅತ್ತೆ ಎಲ್ಲಿ ಕೂರುತ್ತಾರೆ ಎಂದು ಕೇಳಿದೆ. ಮಾವನ ಪಕ್ಕದಲ್ಲೇ. ಯಾರು ಏನು ಹೇಳಿದರೂ ಅವರು ಅದನ್ನು ಮಾವನಿಗೆ ಇನ್ನೊಮ್ಮೆ ಹೇಳುತ್ತಾರೆ. ‘ಅದು ಅವರ ಅಭ್ಯಾಸ, ಮೇಡಂ’ ಎಂದರು ಸೊಸೆ. ವರ್ಷಗಳಿಂದ ಆ ಮನೆಯಲ್ಲೊಬ್ಬ ದುಭಾಷಿ ಕೆಲಸ ಮಾಡುತ್ತಿದ್ದರು. ಯಾರ ಗಮನಕ್ಕೂ ಬಂದಿರಲಿಲ್ಲ.

ಮುಂದಿನ ವಾರ ಮಾವನವರೇ ಬಂದರು. ಅರವತ್ತಾರು ವರ್ಷ. ಬೇಳೆ ಮಿಲ್ಲಿನಲ್ಲಿ ಮೂರು ದಶಕ ಯಂತ್ರ ನೋಡಿಕೊಂಡವರು. ಮಾತು ಸರಾಗವಾಗಿಯೇ ಸಾಗಿತು. ನಡುವೆ ನಾನು ಕಡತದಿಂದ ಬಾಯಿ ಮರೆಮಾಡಿಕೊಂಡು ಒಂದು ಪ್ರಶ್ನೆ ಕೇಳಿದೆ. ಅವರು ನಕ್ಕು ತಲೆ ಆಡಿಸಿದರು. ತಲೆ ಆಡಿಸಿ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. ಆಮೇಲೆ ನಿಧಾನವಾಗಿ ಅವರೇ ಹೇಳಿದರು: ‘ಕೇಳಿಸುತ್ತದೆ ತಾಯಿ, ತಿಳಿಯುವುದಿಲ್ಲ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ. ಆವತ್ತು ಅವರು ನಕ್ಕಿದ್ದು ನನ್ನನ್ನು ನೋಡಿ.’ ಬೆಲ್ಟ್ ಸಡಿಲವಾದರೆ ದೂರದಿಂದಲೇ ಸದ್ದಿನಲ್ಲಿ ಗುರುತಿಸುತ್ತಿದ್ದವರಂತೆ. ಅಂಥ ಕಿವಿ ಕೈಕೊಟ್ಟಿದೆ ಎಂದು ಸೊಸೆಯ ತವರಿನವರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಮುಂಗೋಪಿ ಎನ್ನಿಸಿಕೊಳ್ಳುವುದೇ ಲೇಸು ಎಂದು ಅವರು ತೀರ್ಮಾನಿಸಿದ್ದರು.

‘ಕೇಳಿಸುತ್ತದೆ, ತಿಳಿಯುವುದಿಲ್ಲ’ ಎಂಬ ಮಾತನ್ನು ಕುಟುಂಬದವರು ನೆಪ ಎಂದುಕೊಳ್ಳುತ್ತಾರೆ. ಅದು ಅಕ್ಷರಶಃ ನಿಜ. ವಯಸ್ಸಿನಿಂದಲೋ ಯಂತ್ರದ ಗದ್ದಲದಿಂದಲೋ ಕಿವಿ ಸವೆದಾಗ ಮೊದಲು ಹೋಗುವುದು ಹೆಚ್ಚು ಕಂಪನಾಂಕದ, ಅಂದರೆ ತೀಕ್ಷ್ಣವಾದ ಸದ್ದುಗಳು. ಸ, ಶ, ತ, ಕ ಮೊದಲಾದ ವ್ಯಂಜನಗಳ ತುದಿ ಅಲ್ಲೇ ಇರುತ್ತದೆ. ಸ್ವರ ಉಳಿಯುತ್ತದೆ, ಹಾಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ತುಂಬಿದ ಹೋಟೆಲಿನ ಗದ್ದಲ 75–80ಕ್ಕೂ ಏರುತ್ತದೆ. ಟೈಲ್ಸ್ ನೆಲ, ಗಾಜಿನ ಗೋಡೆ, ಸ್ಟೀಲ್ ತಟ್ಟೆ ಎಲ್ಲವೂ ಸದ್ದನ್ನು ಮರಳಿ ಎಸೆಯುತ್ತವೆ. ಹಾಗೆಂದು ಕೂಗಿ ಹೇಳಿದರೆ ‘ಯಾಕೆ ಅರಚುತ್ತೀರಿ’ ಎಂದು ಸಿಡುಕು, ಏಕೆಂದರೆ ಇಂಥ ಕಿವಿಗೆ ಮೆಲುದನಿ ಕೇಳದು, ಜೋರು ದನಿ ನೋಯಿಸುತ್ತದೆ. ಕಾರ್ಖಾನೆಗಳಲ್ಲಿ ದಿನಕ್ಕೆ 8 ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮಿತಿ ಎಂಬ ನಿಯಮವಿದೆ. ಈ ಹಿರಿಯರಿಗೆ ಕಿವಿಗೆ ಹತ್ತಿ ಇಟ್ಟುಕೊಂಡ ನೆನಪೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ದಾಟಿದವರಲ್ಲಿ ನಾಲ್ವರಲ್ಲೊಬ್ಬರಿಗೆ ಬದುಕಿಗೆ ತೊಡಕಾಗುವಷ್ಟು ಕಿವುಡು ಇರುತ್ತದೆ.

ಗೆಳೆಯರ ಗುಟ್ಟೂ ಇಲ್ಲೇ ಬಯಲಾಯಿತು. ಆ ಹೋಟೆಲಿನ ಬೆಂಚು ಬಯಲಿನಲ್ಲಿದೆ, ಸದ್ದು ಮರಳಿ ಬರಲು ಗೋಡೆಯೇ ಇಲ್ಲ. ಇರುವವರು ಇವರೂ ಸೇರಿ ನಾಲ್ವರು, ಎಲ್ಲರೂ ಮಿಲ್ಲಿನವರೇ, ಎಲ್ಲರೂ ಗಂಟಲು ಹರಿದುಕೊಂಡೇ ಮಾತಾಡುವವರು!

ಮೊದಲ ಸಲಹೆ ಆಸ್ಪತ್ರೆ. ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ತೋರಿಸಿ, ಗುಗ್ಗೆ ಕಟ್ಟಿದ್ದರೆ ತೆಗೆಸಿ, ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ) ಮಾಡಿಸಬೇಕು ಎಂದೆ. ಮಗ ಆನ್‌ಲೈನ್‌ನಲ್ಲಿ ಅಗ್ಗದ ಶ್ರವಣಯಂತ್ರ ತರಿಸಲು ಸಿದ್ಧನಿದ್ದ, ತಡೆದೆ. ಅಂಥವು ಎಲ್ಲ ಸದ್ದನ್ನೂ ಒಂದೇ ಅಳತೆಯಲ್ಲಿ ಏರಿಸಿ ತಲೆನೋವು ತರುತ್ತವೆ. ಒಮ್ಮೆ ಹಾಗಾದರೆ ಹಿರಿಯರು ಯಂತ್ರವನ್ನು ಮತ್ತೆ ಮುಟ್ಟುವುದಿಲ್ಲ. ಪರೀಕ್ಷೆಯಲ್ಲಿ ಎರಡೂ ಕಿವಿಗೆ ಯಂತ್ರ ಬೇಕೆಂದು ಬಂತು. ಅದನ್ನು ಹಾಕಿಕೊಂಡು ನೇರವಾಗಿ ಹೋಟೆಲಿಗೆ ಹೋಗಬಾರದು ಎಂದು ಒತ್ತಿ ಹೇಳಿದೆ. ಮೊದಲ ವಾರಗಳಲ್ಲಿ ಮನೆಯ ಶಾಂತ ಕೋಣೆ, ಆಮೇಲೆ ಅಂಗಳ, ಆಮೇಲೆ ಬಜಾರು, ಹೋಟೆಲು ಕೊನೆಗೆ. (ಖರ್ಚು ಭರಿಸಲಾಗದ, ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಯಂತ್ರ ಉಚಿತವಾಗಿ ಸಿಗುತ್ತದೆ.)

ಯಂತ್ರ ಕೈಸೇರುವ ಮೊದಲೇ ಮಾಡಬಹುದಾದದ್ದು ಬೇಕಾದಷ್ಟಿತ್ತು. ಭಾನುವಾರ ರಾತ್ರಿಯ ಎ.ಸಿ. ಹಾಲ್ ಬಿಟ್ಟು, ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಮೂರು ಗಂಟೆಗೆ ಜೋಳದ ರೊಟ್ಟಿಯ ಖಾನಾವಳಿಗೆ ಹೋಗಿ ಎಂದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಆಗಲೂ ಸಿಗುತ್ತವೆ, ಬೇಗ ಹೋಗಿ ಎಂದು ತರಾತುರಿ ಮಾಡುವವರೂ ಇರುವುದಿಲ್ಲ. ಮೂಲೆಯ ಮೇಜು, ಬೆನ್ನಿಗೆ ಗೋಡೆ, ಮಾತಾಡುವವರ ಮುಖದ ಮೇಲೆ ಬೆಳಕು. ಕೂಲರ್, ಟಿ.ವಿ., ಅಡುಗೆಮನೆಯ ಬಾಗಿಲು ದೂರ. ಒಂದು ಮೇಜಿಗೆ ನಾಲ್ಕೈದು ಜನ. ಹೆಚ್ಚಿದ್ದರೆ ಎರಡು ಮೇಜು. ಮೆನು ಕಾರ್ಡನ್ನು ಅವರ ಕೈಗೇ ಕೊಡಿ, ವೇಟರ್‌ಗೆ ಅವರೇ ಹೇಳಲಿ. ಮೊಮ್ಮಕ್ಕಳಿಗೆ ಒಂದು ಆಟ ಕಲಿಸಿದೆ: ಮುತ್ಯಾನ ಕೈ ಮುಟ್ಟಿ, ಅವರು ತಿರುಗಿ ನೋಡಿದ ಮೇಲೆ ಮಾತು. ತಿಳಿಯದಿದ್ದರೆ ಅದೇ ವಾಕ್ಯವನ್ನು ಕಿರುಚದೆ ಬೇರೆ ಪದಗಳಲ್ಲಿ ಹೇಳಬೇಕು. ‘ಏನಿಲ್ಲ ಬಿಡಿ’ ಎಂಬ ಮಾತು ಆ ಮೇಜಿನಲ್ಲಿ ನಿಷಿದ್ಧ. ಇಂಥ ಮನೆಗಳಲ್ಲಿ ಹಿರಿಯರನ್ನು ಅದಕ್ಕಿಂತ ಹೆಚ್ಚು ಕುಗ್ಗಿಸುವ ಮಾತನ್ನು ನಾನು ಕೇಳಿಲ್ಲ.

ಅತ್ತೆಯನ್ನು ಮತ್ತೆ ಮಾವನ ಪಕ್ಕಕ್ಕೆ ಕೂರಿಸಿಬಿಟ್ಟರೆ ಆಯಿತಲ್ಲ ಎಂದ ಮಗ. ಬೇಡ ಎಂದೆ. ಆಕೆಗೂ ರೊಟ್ಟಿ ಬಿಸಿಯಾಗಿರುವಾಗಲೇ ತಿನ್ನುವ ಹಕ್ಕಿದೆ. ಪಕ್ಕದ ಕುರ್ಚಿ ಸರದಿಯ ಮೇಲೆ ಬದಲಾಗಲಿ, ಮಗನೂ ಕುಳಿತುಕೊಳ್ಳಲಿ.

ಮಾವನಿಗೆ ನಾನು ಹೇಳಿದ್ದು ಒಂದೇ. ಹೊಟ್ಟೆನೋವಿನ ನೆಪ ಬಿಟ್ಟು, ‘ನನಗೆ ಕಿವಿ ಮಂದ, ಎದುರಿಗೆ ನೋಡಿ ಮಾತಾಡಿ’ ಎಂದು ಊಟದ ಆರಂಭದಲ್ಲೇ ಹೇಳಿಬಿಡಿ. ಅವರು ಬಹಳ ಹೊತ್ತು ಒಪ್ಪಲಿಲ್ಲ. ಬೀಗರ ಮುಂದೆ ಆಗುವುದಿಲ್ಲ, ವೇಟರ್‌ನ ಮುಂದೆ ಹೇಳಿ ನೋಡುತ್ತೇನೆ ಎಂದರು. ಅಲ್ಲಿಂದ ಶುರುವಾಗಲಿ.

ಸೊಸೆಯ ನೋವು ಮಾತ್ರ ಆಡಿಯೋಗ್ರಾಂನಿಂದ ಮಾಯವಾಗಲಿಲ್ಲ, ಆಗಬೇಕಿಲ್ಲ ಕೂಡ. ಕಾರಣ ಕಿವಿಯಾದರೂ ತವರಿನವರ ಮುಂದೆ ತಲೆ ತಗ್ಗಿಸಿದ್ದು ಅವರೇ. ಮಾವನಿಂದ ಕ್ಷಮೆ ಕೇಳಿಸಬೇಡಿ, ಆವತ್ತು ನಿಮಗೆ ಏನನ್ನಿಸಿತೆಂದು ಮನೆಯಲ್ಲಿ ಎದುರು ಕುಳಿತು ಅವರಿಗೆ ಹೇಳಿ ಎಂದೆ. ಹೇಳಿದರಂತೆ. ಮಾವ ಏನೂ ಉತ್ತರಿಸಲಿಲ್ಲ, ಮುಂದಿನ ತಿಂಗಳ ಊಟದ ಬಿಲ್ ಮಾತ್ರ ಸೊಸೆಯೇ ಕೊಡಲಿ ಎಂದು ಮಗನನ್ನು ತಡೆದರಂತೆ. ‘ಹಾಗಾದರೆ ಇನ್ನು ಮುಂದೆ ನನ್ನ ಹುಟ್ಟುಹಬ್ಬವೂ ಖಾನಾವಳಿಯಲ್ಲೇನು?’ ಎಂದು ಸೊಸೆ ಕೇಳಿದರು. ಯಾಕೆ, ಗೆಳತಿಯರ ಜೊತೆ ಎಷ್ಟು ಗದ್ದಲದ ಹೋಟೆಲಿಗಾದರೂ ಹೋಗಿ. ಪ್ರತಿ ಊಟಕ್ಕೂ ಮಾವ ಇರಲೇಬೇಕೆಂಬ ನಿಯಮವಿಲ್ಲ, ಕರೆದ ಊಟದಲ್ಲಿ ಅವರಿಗೆ ಜಾಗವಿದ್ದರೆ ಸಾಕು ಎಂದೆ.

ಮಗನಿಗೆ ಇನ್ನೊಂದು ಕೆಲಸ ಹಚ್ಚಿದ್ದೇನೆ. ಮಿಲ್ಲಿನ ಆ ಮೂವರು ಗೆಳೆಯರನ್ನೂ ಪರೀಕ್ಷೆಗೆ ಕರೆದೊಯ್ಯುವುದು. ಇಬ್ಬರು ಒಪ್ಪಿದ್ದಾರೆ, ಮೂರನೆಯವರು ತಮಗೆ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ, ಬೇರೆಯವರೇ ಮೆಲ್ಲಗೆ ಮಾತಾಡುತ್ತಾರೆ ಎನ್ನುತ್ತಿದ್ದಾರೆ.