ಬೂದಿ ಬೇಡ ತಾಯಿ

ಪ್ರಶ್ನೆ: ಸಿಯಾಟಲ್‌ನ ನಮ್ಮ ಮನೆಯಂಗಳದ ರೋಡೋಡೆಂಡ್ರಾನ್ ಹೂಗಿಡದ ಎಳೆಯ ಎಲೆಗಳು ಹಳದಿಯಾಗಿವೆ, ನರಗಳು ಮಾತ್ರ ಹಸಿರು. ತೀರ್ಥಹಳ್ಳಿಯಲ್ಲಿ ಅಮ್ಮ ಮಾಡುತ್ತಿದ್ದಂತೆ ಬುಡಕ್ಕೆ ಸೌದೆಯ ಬೂದಿ ಹಾಕುತ್ತಿದ್ದೇನೆ. ಇನ್ನೇನು ಗೊಬ್ಬರ ಕೊಡಲಿ?

ಉತ್ತರ: ಮೊದಲು ಬೂದಿಯ ಬಕೆಟ್ಟನ್ನು ಅಲ್ಲಿಂದ ಎತ್ತಿಡಿ. ಮಲೆನಾಡಿನ ತರಕಾರಿ ಮಡಿಗೆ ಬೂದಿ ಒಳ್ಳೆಯದೇ, ಅಮ್ಮನದೇನೂ ತಪ್ಪಿಲ್ಲ. ಆದರೆ ಈ ಗಿಡಕ್ಕೆ ಹುಳಿ ಮಣ್ಣೇ ಬೇಕು, ಪಿಎಚ್ (ಮಣ್ಣಿನ ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 4.5ರಿಂದ 6ರೊಳಗಿರಬೇಕು. ಬೂದಿಯಾಗಲಿ ಸುಣ್ಣವಾಗಲಿ ಬಿದ್ದು ಹುಳಿ ಇಳಿದರೆ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆ ಹಳದಿಯಾಗಲು ಬಹುಮಟ್ಟಿಗೆ ಇದೇ ಕಾರಣ. ಗಿಡ ಸಿಮೆಂಟ್ ಗೋಡೆಯ ಪಕ್ಕದಲ್ಲಿದ್ದರೆ ಅದರ ಸುಣ್ಣವೂ ಮಣ್ಣಿಗೆ ಸೇರಿಕೊಂಡಿರುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ; ಪಿಎಚ್ ಏರಿದ್ದರೆ ಗಂಧಕದ ಪುಡಿ ಹಾಕಿ. ಅದರ ಕೆಲಸ ನಿಧಾನ, ಅವಸರಪಡಬೇಡಿ.

ಹುಳಿ ಮಣ್ಣಿನ ಗಿಡಗಳಿಗೆಂದೇ ಮಾರುವ ಗೊಬ್ಬರವನ್ನು ಹೂವು ಮುಗಿದ ಮೇಲೆ ಒಮ್ಮೆ ಕೊಡಿ, ಅದೂ ಪೊಟ್ಟಣದಲ್ಲಿ ಹೇಳಿದ್ದರ ಅರ್ಧ. ಜುಲೈ ದಾಟಿದರೆ ಬೇಡವೇ ಬೇಡ. ತಡವಾದ ಚಿಗುರು ಚಳಿಗೆ ಕರಟುತ್ತದೆ. ಇನ್ನು ಗಿಡ ಕಂಡರೆ ಬುಡ ಕೆದಕುವ ನಮ್ಮವರ ಚಟ! ಇದರ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತದೆ. ಕೆದಕದೆ, ಪೈನ್ ಮರದ ಉದುರೆಲೆಯನ್ನು ಕಾಂಡಕ್ಕೆ ತಾಗದಂತೆ ಹೊದಿಸಿ. ನಿಮ್ಮಲ್ಲಿ ಬೇಸಿಗೆಗೆ ಮಳೆ ಕಡಿಮೆ, ಮುಂದಿನ ವರ್ಷದ ಮೊಗ್ಗು ಕಟ್ಟುವುದೂ ಆಗಲೇ. ಆಗ ನೀರು ತಪ್ಪಿಸಬೇಡಿ.