ಒಂದೇ ಮಗುವಿಗೆ ಒಬ್ಬ ನರ್ಸ್ ಕಾಯಲು ಹೇಳಿ, ಇನ್ನೊಬ್ಬರು ತಕ್ಷಣ ಒಳಗೆ ಕಳಿಸಿದ್ದೇಕೆ? ಟ್ರಯಾಜ್ (ಯಾರನ್ನು ಮೊದಲು ನೋಡಬೇಕು ಎಂದು ಹಂತ ಕೊಡುವುದು) ಬರೀ ಅಂದಾಜಿನ ಕೆಲಸವೇ?

ಬರೀ ಅಂದಾಜಲ್ಲ. ಆದರೆ ಇಬ್ಬರು ಬೇರೆ ಬೇರೆ ಹಂತ ಕೊಡುವುದು ಉಂಟು. ನಾನೂ ಎಮರ್ಜೆನ್ಸಿಯಲ್ಲಿ ಟ್ರಯಾಜ್ ಮಾಡುವ ನರ್ಸ್.

ಹೆಚ್ಚಿನ ಪದ್ಧತಿಗಳಲ್ಲಿ 5 ಹಂತ ಇವೆ. ಕೆನಡಾದ ಪದ್ಧತಿಯಲ್ಲಿ 1 ಅಂದರೆ ತಕ್ಷಣ, 2ಕ್ಕೆ 15 ನಿಮಿಷದೊಳಗೆ, 3ಕ್ಕೆ 30 ನಿಮಿಷದೊಳಗೆ ಡಾಕ್ಟರ್ ನೋಡಬೇಕು. ಫಿಟ್ಸ್ ನಿಲ್ಲದ ಮಗು, ನೀಲಿಗಟ್ಟಿದ ಮಗು ಬಂದರೆ ಯಾರೂ ಯೋಚಿಸುತ್ತಾ ನಿಲ್ಲುವುದಿಲ್ಲ. ವ್ಯತ್ಯಾಸವೆಲ್ಲ ಜಾಸ್ತಿ ಬರುವುದು ನಡುವಿನ ಹಂತಗಳಲ್ಲೇ.

ಜ್ವರ ಬಂದು ಅಳುತ್ತಿರುವ ಎರಡು ವರ್ಷದ ಮಗುವನ್ನೇ ತೆಗೆದುಕೊಳ್ಳಿ. ಅಳುವಾಗ ನಾಡಿ, ಉಸಿರು ಎರಡೂ ಏರುತ್ತವೆ. ಆಗಲೇ ಎಣಿಸಿದರೆ ಒಂದು ಲೆಕ್ಕ, ಅಮ್ಮನ ಮಡಿಲಲ್ಲಿ ಸುಮ್ಮನಾದ ಮೇಲೆ ಅಂಗಿ ಎತ್ತಿ ಎಣಿಸಿದರೆ ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1ರಿಂದ 5 ವರ್ಷದ ಮಗುವಿಗೆ ನಿಮಿಷಕ್ಕೆ 40 ಅಥವಾ ಜಾಸ್ತಿ ಉಸಿರಿದ್ದರೆ ಅದು ವೇಗದ ಉಸಿರು. ನಿಜವಾಗಿ 38 ಇದೆ ಅಂದುಕೊಳ್ಳಿ. ಗಡಿಬಿಡಿಯಲ್ಲಿ 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಏನಾಗುತ್ತದೆ? 9 ಸಿಕ್ಕರೆ 36, 10 ಸಿಕ್ಕರೆ 40! ಒಂದೇ ಒಂದು ಉಸಿರಿಗೆ ಮಗು ಗೆರೆ ದಾಟಿತು. ಪೂರ್ತಿ ಒಂದು ನಿಮಿಷ ಎಣಿಸಬೇಕು ಅನ್ನುವುದು ಇದಕ್ಕೇ. ಹೊರಗೆ ಸಾಲು ಬೆಳೆಯುತ್ತಿರುವಾಗ ಆ ಒಂದು ನಿಮಿಷ ತುಂಬಾ ಉದ್ದ, ಅದು ಬೇರೆ ಮಾತು.

ಇನ್ನು 'ಮಗು ಸಪ್ಪಗಿದೆ' ಅನ್ನುವುದಕ್ಕೆ ಅಳತೆಗೋಲೇ ಇಲ್ಲ. ಒಬ್ಬರಿಗೆ ಅದು ನಿದ್ದೆಯ ಹೊತ್ತು, ಇನ್ನೊಬ್ಬರಿಗೆ ಅಪಾಯದ ಗುರುತು. ನಿಯಮ ಖಚಿತವಾಗಿದ್ದ ಕಡೆ ಈ ತೊಂದರೆ ಕಡಿಮೆ. ಅಮೆರಿಕದ ಇಎಸ್‌ಐ (ಎಮರ್ಜೆನ್ಸಿ ಸಿವಿಯರಿಟಿ ಇಂಡೆಕ್ಸ್) ಎಂಬ ಟ್ರಯಾಜ್ ಪದ್ಧತಿಯಲ್ಲಿ 28 ದಿನದೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಇದ್ದರೆ ಕನಿಷ್ಠ 2ನೇ ಹಂತ ಕೊಡಲೇಬೇಕು, ಕೂಸು ನೋಡಲು ಚೆನ್ನಾಗಿದ್ದರೂ.

ನರ್ಸ್‌ಗಳೆಲ್ಲ ಒಂದೇ ಹಂತ ಕೊಡುತ್ತಾರೆಯೇ ಎಂಬ ಹೊಂದಾಣಿಕೆಯನ್ನು ಅಳೆಯುವಾಗ ಎಷ್ಟೋ ಸಲ ಕಾಗದದ ಮೇಲೆ ಬರೆದ ಕೇಸುಗಳನ್ನೇ ಎಲ್ಲರಿಗೂ ಕೊಡುತ್ತಾರೆ. ಕಾಗದದ ಮಗು ಅಳುವುದಿಲ್ಲ, ಅಲ್ವಾ? ಹಾಗಾಗಿ ಆ ಅಂಕಿಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಎಲ್ಲರೂ ಕಣ್ಣುಮುಚ್ಚಿ 3 ಎಂದು ಬರೆದರೂ ಹೊಂದಾಣಿಕೆ ನೂರಕ್ಕೆ ನೂರು ಬರುತ್ತದೆ, ಆದರೆ ನಿಜವಾಗಿ 2ನೇ ಹಂತದಲ್ಲಿರಬೇಕಾದ ಮಗು ಹೊರಗೇ ಕೂತಿರುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಸಾಧ್ಯತೆಯೂ ಇದೆ: ಎರಡನೆಯವರು ನೋಡುವ ಹೊತ್ತಿಗೆ ಮಗುವೇ ಬದಲಾಗಿರಬಹುದು. ಕಾಯುವಾಗ ಉಸಿರಾಡಲು ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಕುಡಿಯಲು ಒಲ್ಲೆ ಅಂದರೆ, ಕರೆದರೆ ಕಣ್ಣು ಬಿಡದಿದ್ದರೆ ನಿಮ್ಮ ಸರದಿಗೆ ಕಾಯಬೇಡಿ. ಎದ್ದು ಹೋಗಿ 'ಆಗ ಹೀಗಿರಲಿಲ್ಲ, ಇನ್ನೊಮ್ಮೆ ನೋಡಿ' ಅನ್ನಿ.